ಕೋಯಾ ಬೆಟ್ಟದ ಮಠದಲ್ಲಿ ಅಮ್ಮನೂ ನಾನೂ

ಜಪಾನಿನಲ್ಲಿ ಮೀನಿಲ್ಲದ ಊಟ ಸಿಗುವುದು ಕಷ್ಟ ಎಂದು ಹೊರಡುವ ಮೊದಲೇ ಹತ್ತಾರು ಜನ ಹೇಳಿದ್ದರು. ಅಲ್ಲಿಗೆ ಹೋದ ಮೇಲೆ ಆ ಕಷ್ಟ ಎಲ್ಲಿ ಅಡಗಿದೆ ಎಂಬುದು ತಿಳಿಯಿತು. ತಟ್ಟೆಯಲ್ಲಿ ಕಣ್ಣಿಗೆ ಕಾಣುವ ಮೀನನ್ನು ಬೇಡವೆನ್ನಬಹುದು; ರಸದಲ್ಲಿ ಇಳಿದುಹೋದ ಮೀನನ್ನು ಗುರುತಿಸುವುದು ಹೇಗೆ? ಬೊನಿಟೊ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕೊರಡಾಗುವವರೆಗೆ ಒಣಗಿಸಿ, ತೆಳ್ಳಗೆ ಹೆರೆದು ಇಟ್ಟುಕೊಳ್ಳುತ್ತಾರೆ. ಅದನ್ನು ಬಿಸಿನೀರಿಗೆ ಹಾಕಿ ಸೋಸಿದ ನೀರೇ ಅವರ ‘ದಾಶಿ’. ಮಿಸೊ ಸೂಪು, ಉದೊನ್ ಎಂಬ ದಪ್ಪ ನೂಡಲ್ಸ್, ಸೋಬಾ ಎಂಬ ತೆಳು ನೂಡಲ್ಸಿಗೆ ಅದ್ದಿಕೊಳ್ಳುವ ರಸ, ಬೇಯಿಸಿದ ಮೂಲಂಗಿ, ಹೀಗೆ ಮುಕ್ಕಾಲು ಪಾಲು ಅಡುಗೆಯ ಬುಡದಲ್ಲಿ ಅದು ಇರುತ್ತದೆ. ಅಂಗಡಿಯವರು ‘ಮಾಂಸವಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರ ಲೆಕ್ಕದಲ್ಲಿ ದಾಶಿ ಎಂಬುದು ನೀರು.

ನನ್ನ ತಮ್ಮ ಒಸಾಕಾದಲ್ಲಿ ಕೆಲಸಕ್ಕಿದ್ದಾನೆ. ಅವನನ್ನು ನೋಡಿಬರಲು ಅಮ್ಮನನ್ನು ಕರೆದುಕೊಂಡು ಅಕ್ಟೋಬರ್ ಕೊನೆಯಲ್ಲಿ ಹೋಗಿದ್ದೆ. ಅಮ್ಮ ತೀರ್ಥಹಳ್ಳಿ ಕಡೆಯವಳು. ಮೀನು ಮೊಟ್ಟೆಯ ಮಾತು ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಸಾರಿನ ಪುಡಿ, ಮೆಂತ್ಯದ ಹಿಟ್ಟು, ಮಜ್ಜಿಗೆ ಮೆಣಸು ತುಂಬಿಕೊಂಡೇ ವಿಮಾನ ಹತ್ತಿದ್ದಳು. ತಮ್ಮನ ಮನೆಯ ಪುಟ್ಟ ಅಡುಗೆಕಟ್ಟೆಯನ್ನು ಬಂದ ದಿನವೇ ವಶಕ್ಕೆ ತೆಗೆದುಕೊಂಡಳು. ಅಲ್ಲಿನ ಅಂಟು ಅಕ್ಕಿಯ ಅನ್ನಕ್ಕೆ ಸಾರು ಹಿಡಿಯುವುದಿಲ್ಲ ಎಂಬುದನ್ನು ಬಿಟ್ಟರೆ ಆಕೆಗೆ ದೂರುಗಳಿರಲಿಲ್ಲ.

ನಿಜವಾಗಿ ನನಗೆ ಅಚ್ಚರಿ ತಂದದ್ದು ಅಮ್ಮ ಆ ದೇಶದ ದಿನಚರಿಗೆ ಹೊಂದಿಕೊಂಡ ವೇಗ. ಅವಳಿಗೆ ಜಪಾನಿ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೆ ಪ್ರತಿಯೊಂದು ಕೆಲಸಕ್ಕೂ ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮವಿರುವ ಜಾಗಕ್ಕೆ ತಾನು ಬಂದಿದ್ದೇನೆ ಎಂಬುದು ಅವಳಿಗೆ ಎರಡೇ ದಿನದಲ್ಲಿ ಗೊತ್ತಾಯಿತು. ಕಸವನ್ನು ಎಲ್ಲೆಂದರಲ್ಲಿ ಎಸೆಯುವಂತಿಲ್ಲ. ಸುಡುವ ಕಸಕ್ಕೆ ಬೇರೆ ವಾರ, ಪ್ಲಾಸ್ಟಿಕ್ಕಿಗೆ ಬೇರೆ ವಾರ, ಬಾಟಲಿಗಳನ್ನು ತೊಳೆದೇ ಇಡಬೇಕು, ಚೀಲ ಒಳಗಿನದು ಕಾಣುವಂತಿರಬೇಕು. ತಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚಿತ್ರಗಳ ಪಟ್ಟಿಯನ್ನು ನೋಡಿ ಅಮ್ಮ ಅವನಿಗಿಂತ ಚೆನ್ನಾಗಿ ಬೇರ್ಪಡಿಸತೊಡಗಿದಳು. ಅಂಗಡಿಯಲ್ಲಿ ಹಣವನ್ನು ಕೈಗೆ ಕೊಡದೆ ಪುಟ್ಟ ತಟ್ಟೆಯಲ್ಲಿಡುವುದು, ಚಲಿಸುವ ಮೆಟ್ಟಿಲಿನಲ್ಲಿ ಬಲಕ್ಕೆ ನಿಲ್ಲುವುದು (ಟೋಕಿಯೊದಲ್ಲಿ ಎಡಕ್ಕೆ ನಿಲ್ಲುತ್ತಾರೆ, ಒಸಾಕಾದ ರೂಢಿಯೇ ಬೇರೆ), ರೈಲಿನಲ್ಲಿ ಫೋನಿನಲ್ಲಿ ಮಾತಾಡದಿರುವುದು, ಎಲ್ಲವನ್ನೂ ಪಕ್ಕದವರನ್ನು ನೋಡಿಯೇ ಕಲಿತಳು.

ಒಸಾಕಾದ ಸುಮಿಯೋಶಿ ತೈಶಾ ದೇವಾಲಯಕ್ಕೆ ಹೋದಾಗ ಇದು ಇನ್ನೂ ಸ್ಪಷ್ಟವಾಯಿತು. ಅಲ್ಲಿ ಒಳಗೆ ಹೋಗುವ ಮೊದಲು ನೀರಿನ ತೊಟ್ಟಿಯ ಬಳಿ ಕೈ ಬಾಯಿ ತೊಳೆಯಬೇಕು. ಸೌಟನ್ನು ಬಲಗೈಯಲ್ಲಿ ಹಿಡಿದು ಎಡಗೈ ತೊಳೆಯುವುದು, ಕೈ ಬದಲಿಸಿ ಬಲಗೈ ತೊಳೆಯುವುದು, ಎಡ ಅಂಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸುವುದು, ಮತ್ತೆ ಎಡಗೈ ತೊಳೆಯುವುದು. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿ, ಉಳಿದ ನೀರು ಹಿಡಿಯ ಮೇಲೆ ಇಳಿಯುವಂತೆ ಮಾಡಿ, ಮುಂದಿನವರಿಗೆ ಶುದ್ಧ ಮಾಡಿ ಇಡುವುದು. ಇಷ್ಟೂ ಒಂದೇ ಸೌಟು ನೀರಿನಲ್ಲಿ ಮುಗಿಯಬೇಕು. ನಾನು ಮೊಬೈಲಿನಲ್ಲಿ ಓದಿಕೊಂಡು ಮಾಡುವಷ್ಟರಲ್ಲಿ ಅಮ್ಮ ಮುಂದಿದ್ದ ಹೆಂಗಸನ್ನು ನೋಡಿ ಮಾಡಿ ಮುಗಿಸಿದ್ದಳು. “ಹಿಡಿ ತೊಳೆದು ಇಡುವುದು ನೋಡು, ಅದು ನನಗೆ ಬಹಳ ಇಷ್ಟವಾಯಿತು” ಎಂದಳು.

ಇವರಿಬ್ಬರನ್ನು ಕೋಯಾಸಾನ್‌ಗೆ ಕಳಿಸಬೇಕು ಎಂದು ತಮ್ಮನಿಗೆ ಅನ್ನಿಸಿದ್ದು ಆಮೇಲೆ. ಕೋಯಾ ಬೆಟ್ಟದ ಮೇಲಿನ ಬೌದ್ಧ ಮಠಗಳ ಊರು ಅದು. ಅಲ್ಲಿನ ಮಠಗಳಲ್ಲಿ ಯಾತ್ರಿಕರಿಗೆ ಇಳಿದುಕೊಳ್ಳಲು ಕೋಣೆ ಕೊಡುತ್ತಾರೆ, ‘ಶುಕುಬೊ’ ಎನ್ನುತ್ತಾರೆ ಅದಕ್ಕೆ. ಊಟ ಭಿಕ್ಷುಗಳ ಊಟವೇ. ಮಾಂಸ, ಮೀನು, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯಂಥ ಕಟುವಾಸನೆಯ ಗಡ್ಡೆಗಳೂ ಇಲ್ಲ. ದಾಶಿಯನ್ನು ಕೊಂಬು ಎಂಬ ಕಡಲ ಸೊಪ್ಪು ಮತ್ತು ಒಣ ಅಣಬೆಯಿಂದ ತೆಗೆಯುತ್ತಾರೆ. “ಅಮ್ಮ, ಇಡೀ ಜಪಾನಿನಲ್ಲಿ ನೀನು ಏನನ್ನೂ ವಿಚಾರಿಸದೆ ತಟ್ಟೆಯಲ್ಲಿದ್ದುದನ್ನೆಲ್ಲ ಊಟ ಮಾಡಬಹುದಾದ ಊರು ಅದು” ಎಂದ. ರಜೆ ಸಿಗದ ಕಾರಣ ಅವನು ಬರಲಿಲ್ಲ.

ಒಸಾಕಾದ ನಂಬಾ ನಿಲ್ದಾಣದಿಂದ ನಾಂಕೈ ರೈಲು. ಹಾಶಿಮೊತೊ ದಾಟುವವರೆಗೆ ಅದು ಸಾಮಾನ್ಯ ಪ್ರಯಾಣ. ಅಲ್ಲಿಂದ ಮುಂದೆ ಹಳಿ ಬೆಟ್ಟಕ್ಕೆ ಬೀಳುತ್ತದೆ. ಸುರಂಗದ ಮೇಲೆ ಸುರಂಗ, ತಿರುವಿನ ಮೇಲೆ ತಿರುವು. ರೈಲು ತನ್ನ ವೇಗವನ್ನೆಲ್ಲ ಬಿಟ್ಟು ಕೀಚಲು ಸದ್ದಿನೊಂದಿಗೆ ಏರುತ್ತದೆ. ಕಿಟಕಿಯಾಚೆ ಪರ್ಸಿಮನ್ ಹಣ್ಣಿನ ತೋಟಗಳು, ಆಮೇಲೆ ಬರೀ ಸೀಡರ್ ಕಾಡು. ಕೊನೆಯ ನಿಲ್ದಾಣ ಗೊಕುರಾಕುಬಾಶಿ. ಅಲ್ಲಿಂದ ಕೇಬಲ್ ಕಾರು ಐದು ನಿಮಿಷದಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ಎತ್ತರ ಏರಿ ಮೇಲಿನ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ನಿಲ್ದಾಣದಿಂದ ಊರಿಗೆ ಹೋಗುವ ರಸ್ತೆ ಬಸ್ಸಿಗೆ ಮಾತ್ರ ಮೀಸಲು, ನಡೆದು ಹೋಗುವಂತಿಲ್ಲ.

ಆ ಬಸ್ಸು ಊರು ಸೇರುವಾಗ ಮೊದಲು ನಿಲ್ಲುವ ಜಾಗ ನ್ಯೋನಿಂದೊ. ನಾವು ಬೇಕೆಂದೇ ಅಲ್ಲಿ ಇಳಿದೆವು. ಹೆಂಗಸರ ಗುಡಿ ಅದು. ಕೋಯಾಸಾನ್‌ಗೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹೆಂಗಸರಿಗೆ ಪ್ರವೇಶವಿರಲಿಲ್ಲ. ಬೆಟ್ಟಕ್ಕೆ ಬರುವ ಏಳು ದಾರಿಗಳ ಬಾಯಲ್ಲಿ ಇಂಥ ಒಂದೊಂದು ಗುಡಿ ಇತ್ತು; ಅದರ ಹೊಸ್ತಿಲವರೆಗೆ ಮಾತ್ರ ಹೆಂಗಸರು ಬರಬಹುದಿತ್ತು. ಒಳಗಿನ ದೇವಾಲಯಗಳನ್ನು ನೋಡಬೇಕೆಂಬ ಆಸೆ ಹೊತ್ತು ಬಂದವರು ಸುತ್ತಲಿನ ಬೆಟ್ಟಗಳ ನೆತ್ತಿಯ ಮೇಲೆ ಸುತ್ತು ಹಾಕಿ, ಮರಗಳ ಸಂದಿಯಿಂದ ಕೆಳಗಿನ ಗೋಪುರಗಳತ್ತ ಕೈಮುಗಿದು ಹೋಗುತ್ತಿದ್ದರು. ಆ ಕಾಲುದಾರಿ ಈಗಲೂ ಇದೆ. 1872ರಲ್ಲಿ ಮೇಜಿ ಸರ್ಕಾರ ನಿರ್ಬಂಧವನ್ನು ತೆಗೆದುಹಾಕಿತು. ಈ ಬೆಟ್ಟ ಅದನ್ನು ಪೂರ್ತಿಯಾಗಿ ಒಪ್ಪಲು 1906ರವರೆಗೆ ಕಾಯಬೇಕಾಯಿತು. ಏಳು ಗುಡಿಗಳಲ್ಲಿ ಉಳಿದಿರುವುದು ಇದೊಂದೇ. ಒಳಗೆ ಕತ್ತಲು, ಧೂಪದ ವಾಸನೆ, ಒಂದು ಪುಟ್ಟ ದೀಪ. ಅಮ್ಮ ಇಷ್ಟನ್ನೂ ಕೇಳಿಸಿಕೊಂಡು, “ಇಲ್ಲೇ ಮೊದಲು ಕಾಣಿಕೆ ಹಾಕೋಣ” ಎಂದು ಪರ್ಸು ತೆಗೆದಳು.

ಊರು ಚಿಕ್ಕದು. ಸುಮಾರು 800 ಮೀಟರ್ ಎತ್ತರದಲ್ಲಿ, ಎಂಟು ಶಿಖರಗಳ ನಡುವಿನ ಬಟ್ಟಲಿನಂಥ ನೆಲ. 117 ಮಠಗಳಿವೆ, ಅವುಗಳಲ್ಲಿ ಐವತ್ತರಷ್ಟು ಯಾತ್ರಿಕರನ್ನು ಇಳಿಸಿಕೊಳ್ಳುತ್ತವೆ. ಮಠಗಳ ನಡುವೆಯೇ ಅಂಚೆ ಕಚೇರಿ, ಶಾಲೆ, ಒಂದು ವಿಶ್ವವಿದ್ಯಾಲಯ, ಸಿಹಿತಿಂಡಿಯ ಅಂಗಡಿಗಳು. ಅಂಗಡಿಗಳ ಮುಂದೆ ಹೂವಿನ ಬದಲು ಹಸಿರು ಸೂಜಿಯೆಲೆಯ ಕಟ್ಟುಗಳು. ಕೋಯಾಮಾಕಿ ಎಂಬ ಮರದ ರೆಂಬೆಗಳವು, ಇಲ್ಲಿ ದೇವರಿಗೂ ಸಮಾಧಿಗೂ ಅದನ್ನೇ ಏರಿಸುತ್ತಾರೆ.

ನಾವು ಇಳಿದುಕೊಂಡ ಮಠದ ಬಾಗಿಲಲ್ಲಿ ತಲೆ ಬೋಳಿಸಿದ ಇಪ್ಪತ್ತರ ಆಸುಪಾಸಿನ ಭಿಕ್ಷುವೊಬ್ಬ ಮಂಡಿಯೂರಿ ಬರಮಾಡಿಕೊಂಡ. ಅಲ್ಲಿಂದ ಶುರುವಾಯಿತು ಕಾಲಿನ ನಿಯಮ. ಬೀದಿಯ ಬೂಟುಗಳನ್ನು ಕೆಳಗಿನ ಕಲ್ಲುನೆಲದಲ್ಲಿ ಬಿಡಬೇಕು. ಮೇಲಿನ ಮರದ ನೆಲಕ್ಕೆ ಕಾಲಿಟ್ಟ ಮೇಲೆ ಸ್ಲಿಪ್ಪರ್. ಬೂಟು ಕಳಚಿದ ಕಾಲು ಕಲ್ಲುನೆಲಕ್ಕೆ ತಾಗಬಾರದು, ಬೂಟಿನಿಂದ ನೇರ ಮರದ ಮೇಲಕ್ಕೇ ಹೋಗಬೇಕು. ಕೋಣೆಯ ಚಾಪೆ, ಅಂದರೆ ತತಾಮಿ, ಬಂದಲ್ಲಿ ಸ್ಲಿಪ್ಪರನ್ನೂ ಬಿಡಬೇಕು. ಶೌಚಾಲಯದ ಬಾಗಿಲಲ್ಲಿ ಬೇರೆಯದೇ ಸ್ಲಿಪ್ಪರ್ ಕಾದಿರುತ್ತದೆ. ಅದು ಆ ಹೊಸ್ತಿಲು ದಾಟಿ ಹೊರಬರುವಂತಿಲ್ಲ. ಬಿಟ್ಟ ಸ್ಲಿಪ್ಪರುಗಳ ಮೂತಿ ಮುಂದೆ ಹಾಕಿಕೊಳ್ಳುವವರಿಗೆ ಅನುಕೂಲವಾಗುವಂತೆ ತಿರುಗಿರಬೇಕು. ಅಮ್ಮ ಒಂದು ಮಾತನ್ನೂ ಕೇಳದೆ ಇದನ್ನೆಲ್ಲ ಪಾಲಿಸಿದಳು. ಮಡಿಯಲ್ಲಿ ಬೆಳೆದ ಕಾಲುಗಳವು, ಯಾವ ನೆಲದಿಂದ ಯಾವ ನೆಲಕ್ಕೆ ಹೋಗುತ್ತಿದ್ದೇನೆ ಎಂಬ ಎಚ್ಚರ ತಾನಾಗಿ ಇರುತ್ತದೆ.

ಆದರೆ ಮಡಿಯ ಜೊತೆಗೆ ನಮ್ಮಲ್ಲಿ ಯಾರನ್ನು ದೂರ ಇಡಬೇಕು ಎಂಬ ಲೆಕ್ಕವೂ ಅಂಟಿಕೊಂಡೇ ಬಂದಿದೆ. ಅದನ್ನು ನೋಡಿಯೇ ನಾನು ಮಡಿಯಿಂದ ದೂರ ಸರಿದವಳು. ಈ ಮಠದಲ್ಲಿ ನಿಯಮ ಕಾಲಿಗಿತ್ತೇ ಹೊರತು ಕಾಲಿನವರು ಯಾರು ಎಂಬುದಕ್ಕಿರಲಿಲ್ಲ. ಫ್ರಾನ್ಸಿನಿಂದ ಬಂದ ಯುವಜೋಡಿ, ಜಪಾನಿನದೇ ಕ್ಯೂಶು ದ್ವೀಪದ ವೃದ್ಧರ ಗುಂಪು, ನಾವು, ಎಲ್ಲರೂ ಅದೇ ಮೆಟ್ಟಿಲ ಬಳಿ ಅದೇ ರೀತಿ ಬೂಟು ಬಿಟ್ಟೆವು. ಅರ್ಧ ಗಂಟೆ ಮೊದಲು ನ್ಯೋನಿಂದೊ ನೋಡಿ ಬಂದಿದ್ದರಿಂದ ಈ ಬೆಟ್ಟವೂ ಒಂದು ಕಾಲದಲ್ಲಿ ‘ಯಾರು’ ಎಂದು ಕೇಳುತ್ತಿತ್ತು ಎಂಬುದು ಮನಸ್ಸಿನಲ್ಲಿತ್ತು. ಆ ಪ್ರಶ್ನೆಯನ್ನು ಬಿಟ್ಟು ಕ್ರಮವನ್ನು ಮಾತ್ರ ಉಳಿಸಿಕೊಳ್ಳಬಹುದು ಎಂಬುದಕ್ಕೆ ಇಲ್ಲಿ ಕಣ್ಣೆದುರಿಗೆ ಸಾಕ್ಷಿಯಿತ್ತು. ನನಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದು.

ಕೋಣೆಯಲ್ಲಿ ಒಂದು ತಗ್ಗು ಮೇಜು, ಅದರ ಕೆಳಗೆ ಬಿಸಿ ಕೊಡುವ ಯಂತ್ರ, ಮೇಲೆ ದಪ್ಪ ರಜಾಯಿ. ಕೊತಾತ್ಸು ಎಂಬ ಈ ಏರ್ಪಾಟಿನೊಳಗೆ ಕಾಲು ಚಾಚಿದರೆ ಏಳುವ ಮನಸ್ಸಾಗುವುದಿಲ್ಲ. ಹೊರಗೆ ನವೆಂಬರಿನ ಚಳಿ, ಕಾಗದದ ಜಾರುಬಾಗಿಲು. ಉಡಲು ಯುಕಾತಾ ಎಂಬ ಹತ್ತಿಯ ನಿಲುವಂಗಿ ಇಟ್ಟಿದ್ದರು. ಅದರ ಎಡಸೆರಗು ಬಲದ ಮೇಲೆ ಬರಬೇಕು. ಬಲಸೆರಗು ಮೇಲೆ ಬಂದರೆ ಅದು ಶವಕ್ಕೆ ಉಡಿಸುವ ರೀತಿ. ಭಿಕ್ಷು ಇದನ್ನು ತನ್ನ ಮೈಮೇಲಿನ ಬಟ್ಟೆಯಲ್ಲೇ ತೋರಿಸಿ, ಊಟದ ಹೊತ್ತು, ಸ್ನಾನದ ಹೊತ್ತು, ಬೆಳಗಿನ ಪೂಜೆಯ ಹೊತ್ತು ಬರೆದ ಚೀಟಿ ಕೊಟ್ಟು ಹೋದ.

ಸ್ನಾನದ ವಿಷಯ ಅಮ್ಮನಿಗೆ ಹೇಳುವುದು ಹೇಗೆಂದು ನಾನು ಒಸಾಕಾದಿಂದಲೇ ಯೋಚಿಸುತ್ತಿದ್ದೆ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಸ್ನಾನಗೃಹ. ಆದರೆ ಒಳಗೆ ಎಲ್ಲರೂ ಒಟ್ಟಿಗೆ, ಮೈಮೇಲೆ ಏನೂ ಇಲ್ಲದೆ. ಅಮ್ಮ ಕೇಳಿ ಸುಮ್ಮನಾದಳು. ಆಮೇಲೆ, “ಬಾಗಿಲು ತೆಗೆದ ಕೂಡಲೇ ಹೋಗಿಬಿಡೋಣ, ಯಾರೂ ಇರುವುದಿಲ್ಲ” ಎಂದಳು. ನಿಜಕ್ಕೂ ಯಾರೂ ಇರಲಿಲ್ಲ. ಗೋಡೆಯ ಉದ್ದಕ್ಕೂ ಮೊಣಕಾಲೆತ್ತರದ ನಲ್ಲಿಗಳು, ಪ್ರತಿಯೊಂದರ ಮುಂದೆ ಒಂದು ಪುಟ್ಟ ಮಣೆ, ಒಂದು ಚೊಂಬಿನಂಥ ಬೋಗುಣಿ. ಆಚೆ ಮರದ ತೊಟ್ಟಿಯಲ್ಲಿ ಹಬೆಯಾಡುವ ನೀರು. ಮಣೆಯ ಮೇಲೆ ಕೂತು ಸೋಪು ಹಾಕಿ ಮೈಯನ್ನು ಪೂರ್ತಿ ತೊಳೆದುಕೊಂಡು, ನೊರೆಯ ಚೂರೂ ಉಳಿಯದಂತೆ ನೀರು ಹೊಯ್ದುಕೊಂಡ ಮೇಲಷ್ಟೇ ತೊಟ್ಟಿಗೆ ಇಳಿಯಬೇಕು. ಅಲ್ಲಿ ಕೊಳೆ ತೊಳೆಯುವ ಮಾತಿಲ್ಲ, ಟವೆಲನ್ನೂ ಅದ್ದುವಂತಿಲ್ಲ. ಒಂದೇ ನೀರಿನಲ್ಲಿ ಎಲ್ಲರೂ ಕೂರಬೇಕಾದ್ದರಿಂದ ಪ್ರತಿಯೊಬ್ಬರೂ ಶುದ್ಧವಾಗಿಯೇ ಇಳಿಯುತ್ತಾರೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ.

ಅಮ್ಮ ಕುತ್ತಿಗೆವರೆಗೆ ಇಳಿದು ಕಣ್ಣುಮುಚ್ಚಿದಳು. ಬಾಣಂತಿಗೆ ಹೊಯ್ಯುವ ಹಂಡೆ ನೀರಿನಷ್ಟೇ ಬಿಸಿ ಇತ್ತು ಅದು. ನನಗೆ ಎರಡು ನಿಮಿಷಕ್ಕೇ ಸಾಕಾಯಿತು. ಅಮ್ಮನ ಮುಖದಲ್ಲಿ ಮಂಡಿನೋವು ಕರಗುತ್ತಿರುವುದು ಕಾಣುತ್ತಿತ್ತು. ಅಷ್ಟರಲ್ಲಿ ಬಾಗಿಲು ಸರಿಯಿತು. ಕ್ಯೂಶುವಿನ ಗುಂಪಿನ ಅಜ್ಜಿಯೊಬ್ಬರು, ಎಂಬತ್ತರ ಮೇಲಿರಬೇಕು, ಬಾಗಿದ ಬೆನ್ನಿನಿಂದ ಒಳಬಂದು ನಮಗೆ ತಲೆಬಾಗಿ, ಮಣೆಯ ಮೇಲೆ ಕೂತರು. ಬಹಳ ಹೊತ್ತು ಸಾವಧಾನವಾಗಿ ಮೈ ತೊಳೆದುಕೊಂಡರು. ಬೆನ್ನಿಗೆ ಕೈ ಎಟುಕುತ್ತಿರಲಿಲ್ಲ. ಅಮ್ಮ ನನ್ನ ಮುಖ ನೋಡಿದಳು, ಆಮೇಲೆ ತಾನೇ ಎದ್ದು ಹೋಗಿ ಕೈಚಾಚಿದಳು. ಅಜ್ಜಿ ಒಂದು ಕ್ಷಣ ತಡೆದು, ನಕ್ಕು, ಬೆನ್ನುಜ್ಜುವ ಬಟ್ಟೆಯನ್ನು ಕೊಟ್ಟರು. ಅಮ್ಮ ಬೆನ್ನುಜ್ಜಿ, ಬೋಗುಣಿಯಲ್ಲಿ ನೀರು ಹಿಡಿದು, ತನ್ನ ಕೈಮೇಲೆ ಸುರಿದುಕೊಂಡು ಬಿಸಿ ನೋಡಿ, ಹೊಯ್ದಳು. ಅಜ್ಜಿ ಅಮ್ಮನನ್ನು ತಿರುಗಿ ಕೂರಲು ಸನ್ನೆ ಮಾಡಿ ಅಮ್ಮನ ಬೆನ್ನನ್ನೂ ಉಜ್ಜಿದರು. ಮಾತು ಯಾರಿಗೂ ಬೇಕಾಗಲಿಲ್ಲ. ಒಂದು ಗಂಟೆಯ ಹಿಂದೆ ಯಾರೂ ಇಲ್ಲದ ಹೊತ್ತು ನೋಡುತ್ತಿದ್ದವಳು ಆ ಅಜ್ಜಿಯ ಜೊತೆ ತೊಟ್ಟಿಯಲ್ಲಿ ಎದುರುಬದುರು ಕೂತು, ಮೊಮ್ಮಕ್ಕಳೆಷ್ಟು ಎಂಬುದನ್ನು ಬೆರಳಲ್ಲಿ ಹೇಳಿಕೊಳ್ಳುತ್ತಿದ್ದಳು.

ಊಟ ಸಂಜೆ ಆರಕ್ಕೆಲ್ಲ. ಕುಳ್ಳು ಕಾಲುಗಳ ಕೆಂಪು ಅರಗಿನ ತಟ್ಟೆ-ಮಣೆಗಳನ್ನು ಒಬ್ಬೊಬ್ಬರ ಮುಂದೆ ಎರಡೆರಡರಂತೆ ಇಟ್ಟಿದ್ದರು. ಪ್ರತಿ ಪದಾರ್ಥಕ್ಕೂ ಬೇರೆ ಬಟ್ಟಲು, ಬೇರೆ ಬಣ್ಣ, ಬೇರೆ ಆಕಾರ. ಬದನೆ, ಕುಂಬಳ, ಹಸಿರು ಮೆಣಸಿನಕಾಯಿಯ ತೆಂಪುರಾ, ಉಪ್ಪಿನಲ್ಲಿಟ್ಟ ಮೂಲಂಗಿ, ಮಿಸೊ ಸೂಪು, ಅನ್ನ. ಈ ಊರಿನ ಹೆಸರನ್ನೇ ಹೊತ್ತ ಕೋಯಾ-ದೋಫು ಇತ್ತು. ಬೆಟ್ಟದ ಚಳಿಯಲ್ಲಿ ತೋಫು ಹೆಪ್ಪುಗಟ್ಟುವುದನ್ನು ಕಂಡು, ಅದನ್ನು ಹಾಗೆಯೇ ಒಣಗಿಸಿ ಕಾಪಿಡುವ ರೀತಿ ರೂಢಿಗೆ ಬಂತಂತೆ. ನೀರಿನಲ್ಲಿ ನೆನೆಸಿ, ಕೊಂಬು-ಅಣಬೆಯ ಸಿಹಿ ರಸದಲ್ಲಿ ಬೇಯಿಸಿದರೆ ಅದು ರಸವನ್ನೆಲ್ಲ ಹೀರಿಕೊಂಡು ಉಬ್ಬುತ್ತದೆ. ಕಚ್ಚಿದಾಗ ಬಾಯಿತುಂಬ ರಸ.

ಅಮ್ಮ ಬಿಟ್ಟೂ ಬಿಡದೆ ನೋಡಿದ್ದು ಗೋಮಾ-ದೋಫುವನ್ನು. ಕೆನೆಬಣ್ಣದ ಒಂದು ಚೌಕ, ಮೇಲೊಂದು ಚಿಟಿಕೆ ವಸಾಬಿ. ಹೆಸರು ತೋಫು ಎಂದಿದ್ದರೂ ಅದರಲ್ಲಿ ಸೋಯಾ ಇಲ್ಲ. ಬಿಳಿ ಎಳ್ಳನ್ನು ನುಣ್ಣಗೆ ಅರೆದು ಹಾಲು ತೆಗೆದು, ಕುದ್ಜು ಎಂಬ ಬಳ್ಳಿಯ ಗಡ್ಡೆಯ ಹಿಟ್ಟು ಬೆರೆಸಿ, ಒಲೆಯ ಮೇಲೆ ಕೈಬಿಡದೆ ತಿರುವಿ, ಆರಿಸಿ ಗಟ್ಟಿಮಾಡುತ್ತಾರೆ. ಅಮ್ಮ ಚಾಪ್‌ಸ್ಟಿಕ್ ಬಿಟ್ಟು ಚಮಚದಲ್ಲಿ ಒಂದು ತುಣುಕು ತೆಗೆದು ನಾಲಿಗೆಯ ಮೇಲಿಟ್ಟುಕೊಂಡು, “ಎಳ್ಳನ್ನು ಹುರಿದಿಲ್ಲ, ಹುರಿದಿದ್ದರೆ ಕಹಿ ಬರುತ್ತಿತ್ತು. ತಿರುವುವುದೇ ಇದರ ಕಷ್ಟ, ಒಂದು ನಿಮಿಷ ಕೈಬಿಟ್ಟರೆ ಗಂಟಾಗುತ್ತದೆ” ಎಂದಳು. ತಟ್ಟೆ ಎತ್ತಲು ಬಂದ ಭಿಕ್ಷುವಿಗೆ ಆಕೆ ಕೈಯಲ್ಲಿ ತಿರುವುವ ಅಭಿನಯ ಮಾಡಿ ಕೇಳಿದಾಗ ಅವನು ತನ್ನ ತೋಳು ಹಿಡಿದು ನೋವಿನ ಮುಖ ಮಾಡಿ ತೋರಿಸಿದ. ಅಡುಗೆಮನೆಯ ಆ ಕೆಲಸ ಅವನ ಪಾಲಿನದೇ ಇರಬೇಕು.

ಊಟ ಮುಗಿಸಿ ಬರುವಷ್ಟರಲ್ಲಿ ಕೋಣೆಯಲ್ಲಿ ಹಾಸಿಗೆ ಹಾಸಿತ್ತು.

ಬೆಳಗಿನ ಪೂಜೆ ಆರೂವರೆಗೆ. ಕತ್ತಲೆಯ ಉದ್ದನೆಯ ಜಗಲಿ ದಾಟಿ ಗರ್ಭಗುಡಿಯ ಮುಂದಿನ ಪಡಸಾಲೆಗೆ ಹೋದರೆ ಚಿನ್ನದ ದೀಪಗಳು, ಉಸಿರಿನ ಹಬೆ. ಬಾಗಿಲಲ್ಲಿ ಅಂಗೈಗೆ ಚಿಟಿಕೆ ಗಂಧದ ಪುಡಿ ಹಾಕಿಕೊಂಡು ಉಜ್ಜಿಕೊಂಡು ಒಳಗೆ ಹೋಗಬೇಕು. ಭಿಕ್ಷುಗಳು ಮಂತ್ರಪಠಣ ಶುರುಮಾಡಿದರು. ಒಂದೇ ಶ್ರುತಿಯಲ್ಲಿ, ಎಲ್ಲಿಯೂ ಉಸಿರು ಕಡಿಯದಂತೆ. ಬಹಳ ಹೊತ್ತಿನ ಮೇಲೆ ಅಮ್ಮ ನನ್ನ ಮೊಣಕೈ ತಿವಿದಳು. ‘ಓನ್ ಅಬೋಕ್ಯ ಬೇಯ್ರೋಶನೋ ಮಾಕಬೋದರ ಮನಿ ಹಂದೋಮ...’ ಕೇಳುತ್ತ ಕೇಳುತ್ತ ಅದು ಬಿಡಿಸಿಕೊಂಡಿತು: ಓಂ ಅಮೋಘ ವೈರೋಚನ ಮಹಾಮುದ್ರಾ ಮಣಿ ಪದ್ಮ. ಈ ಮಠಗಳ ಮೂಲಪುರುಷ ಕೂಕೈ 804ರಲ್ಲಿ ರಾಯಭಾರಿಗಳ ಹಡಗಿನಲ್ಲಿ ಚೀನಾಕ್ಕೆ ಹೋದವರು. ಅಂದಿನ ರಾಜಧಾನಿ ಚಾಂಗ್‌ಆನ್‌ನಲ್ಲಿ ಹುಯಿಗುವೊ ಎಂಬ ಗುರುವಿನಿಂದ ದೀಕ್ಷೆ ಪಡೆದರು. ಭಾರತದಿಂದ ಅಲ್ಲಿಗೆ ಹೋಗಿ ನೆಲೆಸಿದ್ದ ಪ್ರಜ್ಞ ಎಂಬ ಭಿಕ್ಷುವಿನಿಂದ ಸಂಸ್ಕೃತ ಕಲಿತರು. 806ರಲ್ಲಿ ಮರಳಿ, 816ರಲ್ಲಿ ಸಾಗಾ ಚಕ್ರವರ್ತಿಯಿಂದ ಈ ಬೆಟ್ಟವನ್ನು ಪಡೆದರು. ಆ ಮಂತ್ರಗಳನ್ನು ಅವರ ಪರಂಪರೆ ಜಪಾನಿಗೆ ಭಾಷಾಂತರಿಸಲಿಲ್ಲ. ಬಾಯಿಯ ಅಭ್ಯಾಸಕ್ಕೆ ತಕ್ಕಂತೆ ಉಚ್ಚಾರ ಮಾತ್ರ ಬದಲಾಯಿತು.

ಆಮೇಲೆ ಪಕ್ಕದ ಸಣ್ಣ ಗುಡಿಯಲ್ಲಿ ಗೋಮಾ. ನಮ್ಮ ಹೋಮವೇ ಅದು, ಭಾರತದಿಂದ ಚೀನಾ ಮಾರ್ಗವಾಗಿ ಹೋದದ್ದು. ಎದುರಿಗೆ ಫುದೊ ಮ್ಯೋಓ, ಅಂದರೆ ಅಚಲ. ಬೆನ್ನ ಹಿಂದೆ ಜ್ವಾಲೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪಾಶ. ಅರ್ಚಕರು ಕುಂಡದಲ್ಲಿ ಕಡ್ಡಿಗಳನ್ನು ಅಡ್ಡಡ್ಡ ಜೋಡಿಸಿ ಬೆಂಕಿ ಹಚ್ಚಿದರು. ಉದ್ದ ಹಿಡಿಯ ಎರಡು ಸೌಟುಗಳು, ಒಂದು ದೊಡ್ಡದು, ಒಂದು ಚಿಕ್ಕದು; ಅವುಗಳಿಂದ ಎಣ್ಣೆ. ಬಟ್ಟಲುಗಳಿಂದ ಧಾನ್ಯ. ಭಕ್ತರು ತಮ್ಮ ಕೋರಿಕೆ ಬರೆದುಕೊಟ್ಟ ಚಪ್ಪಟೆ ಸಮಿತ್ತುಗಳು ಕಟ್ಟುಕಟ್ಟಾಗಿ ಬೆಂಕಿಗೆ ಬಿದ್ದವು. ಜೊತೆಗೆ ದೊಡ್ಡ ನಗಾರಿ. ಹೊಡೆತದ ವೇಗ ಏರಿದಂತೆ ಜ್ವಾಲೆ ಏರಿ ಮಾಡನ್ನು ಮುಟ್ಟುವಂತಾಯಿತು. ಎದೆಗೂಡಿನೊಳಗೆ ಆ ಸದ್ದು ನಡುಗುತ್ತಿತ್ತು. ಅಮ್ಮನ ಕಣ್ಣು ಇದ್ದದ್ದು ಮಾತ್ರ ಸೌಟುಗಳ ಮೇಲೆ. “ಸ್ರುಕ್ಕು, ಸ್ರುವ ಎರಡೂ ಇವೆ” ಎಂದು ಮೆಲ್ಲಗೆ ಹೇಳಿದಳು. ಅಜ್ಜನ ಮನೆಯಲ್ಲಿ ಹೋಮದ ಮಂಟಪದ ಹತ್ತಿರ ಹುಡುಗಿಯರು ಸುಳಿಯುವಂತಿರಲಿಲ್ಲ; ಇಷ್ಟು ಸಮೀಪದಿಂದ ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು ಎಂದು ಆಮೇಲೆ ಹೇಳಿದಳು.

ಕೊಂಗೊಬು-ಜಿ ಪ್ರಧಾನ ಮಠವನ್ನೂ, ಕೇಸರಿ ಬಣ್ಣದ ಮಹಾಗೋಪುರವನ್ನೂ ನೋಡಿದೆವು. ಅವುಗಳ ಚಿತ್ರ ಎಲ್ಲೆಡೆ ಸಿಗುತ್ತವೆ. ಅಮ್ಮನಿಗೆ ಹಿಡಿಸಿದ್ದು ಪ್ರಧಾನ ಮಠದ ಅಡುಗೆಮನೆ: ಹಿಂದೆ ಎರಡು ಸಾವಿರ ಜನಕ್ಕೆ ಅನ್ನ ಬೇಯಿಸುತ್ತಿದ್ದ ಮೂರು ಭಾರಿ ಒಲೆಗಳು, ಹೊಗೆಯಿಂದ ಕಪ್ಪಾದ ತೊಲೆಗಳು.

ಓಕುನೊಇನ್‌ಗೆ ಒಂಬತ್ತಕ್ಕೆ ಹೊರಟೆವು. ಕೂಕೈ ಸಮಾಧಿಯಿರುವ ಮಸಣಭೂಮಿ ಅದು. ಮೊದಲ ಸೇತುವೆಯಿಂದ ಆ ಸಮಾಧಿಯವರೆಗೆ ಎರಡು ಕಿಲೋಮೀಟರ್ ಕಲ್ಲುಹಾಸಿನ ದಾರಿ. ಇಕ್ಕೆಲಗಳಲ್ಲಿ ನೂರಾರು ವರ್ಷದ ಸೀಡರ್ ಮರಗಳು, ಅವುಗಳ ಬುಡದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು, ಸ್ಮಾರಕಗಳು. ಓದಾ ನೊಬುನಾಗಾ 1581ರಲ್ಲಿ ಈ ಬೆಟ್ಟಕ್ಕೇ ಮುತ್ತಿಗೆ ಹಾಕಿದ ಸೇನಾಧಿಪತಿ. ಅವನ ಸಮಾಧಿ ಇಲ್ಲಿದೆ. ಮರುವರ್ಷ ಅವನಿಗೆ ದ್ರೋಹವೆಸಗಿ ಸಾವಿಗೆ ತಳ್ಳಿದ ಅಕೆಚಿ ಮಿತ್ಸುಹಿದೆಯದೂ ಇಲ್ಲೇ ಇದೆ. ಗೆದ್ದಲು ನಿವಾರಿಸುವ ಉದ್ಯಮದವರು ತಾವು ಕೊಂದ ಗೆದ್ದಲುಗಳಿಗೆ ನಿಲ್ಲಿಸಿದ ಕಲ್ಲೂ ಇದೆ, ‘ಗೆದ್ದಲುಗಳೇ, ನೆಮ್ಮದಿಯಿಂದ ನಿದ್ರಿಸಿ’ ಎಂಬ ಬರಹದೊಂದಿಗೆ. ಅದನ್ನು ನಿಲ್ಲಿಸಿದವರ ಮನಸ್ಸನ್ನು ನಾನು ಗೌರವಿಸುತ್ತೇನೆ.

ಬಹುತೇಕ ಸಮಾಧಿಗಳು ಐದು ಕಲ್ಲುಗಳ ಒಂದೇ ವಿನ್ಯಾಸದವು: ಕೆಳಗೆ ಚೌಕ, ಅದರ ಮೇಲೆ ಗೋಳ, ಆಮೇಲೆ ಇಳಿಜಾರಿನ ಮಾಡು, ಅರ್ಧಗೋಳ, ತುದಿಯಲ್ಲಿ ಮೊಗ್ಗಿನಾಕಾರದ ಮಣಿ. ಪೃಥ್ವಿ, ಅಪ್ಪು, ತೇಜ, ವಾಯು, ಆಕಾಶ. ಪ್ರತಿ ಕಲ್ಲಿನ ಮೇಲೂ ಸಂಸ್ಕೃತ ಬರೆಯುತ್ತಿದ್ದ ಹಳೆಯ ಸಿದ್ಧಂ ಲಿಪಿಯ ಒಂದೊಂದು ಅಕ್ಷರ: ಅ, ವ, ರ, ಹ, ಖ. ಮಾರ್ಗದರ್ಶಿ ಪುಸ್ತಕ ನೋಡಿ ನಾನು ವಿವರಿಸಿದ ಮೇಲೆ ಅಮ್ಮ ಹಾವಸೆ ಹಿಡಿದ ಕಲ್ಲುಗಳ ಮೇಲೆ ಅಕ್ಷರಗಳನ್ನು ಹುಡುಕುತ್ತ ನಡೆದಳು.

ಕೊನೆಯ ಸೇತುವೆಗೆ ಮೊದಲು, ತಾಮಾಗಾವಾ ಹೊಳೆಯ ಬದಿಯಲ್ಲಿ, ಸಾಲಾಗಿ ಜಿಜೊ ಎಂಬ ಬೋಧಿಸತ್ವ ಮೊದಲಾದವರ ಲೋಹದ ವಿಗ್ರಹಗಳಿವೆ. ತೀರಿಕೊಂಡವರನ್ನು ನೆನೆದು ಅವುಗಳಿಗೆ ಸೌಟಿನಿಂದ ನೀರು ಎರೆಯುತ್ತಾರೆ. ಅಪ್ಪ ಹೋಗಿ ಕೆಲವು ವರ್ಷಗಳಾದವು. ತರ್ಪಣ ಬಿಡುವುದು ತಮ್ಮನ ಕೆಲಸ. ಅಮ್ಮ ನೋಡುತ್ತ ಕೂರುವವಳು. ಇಲ್ಲಿ ಸೌಟು ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಅಮ್ಮ ಎತ್ತಿಕೊಂಡಳು. ಮೂರು ಸಲ ಎರೆದು, ಸೌಟನ್ನು ನೆಟ್ಟಗೆ ಹಿಡಿದು ಹಿಡಿಯ ಮೇಲೆ ನೀರು ಇಳಿಸಿ, ನನ್ನ ಕೈಗೆ ಕೊಟ್ಟಳು.

ಹತ್ತೂವರೆಗೆ ಸರಿಯಾಗಿ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಇಬ್ಬರು ಭಿಕ್ಷುಗಳು ಮರದ ಪೆಟ್ಟಿಗೆಯೊಂದನ್ನು ಹೊತ್ತು ಬಂದರು, ಮುಂದೆ ಹಿರಿಯ ಭಿಕ್ಷುವೊಬ್ಬರು. ಕೂಕೈ 835ರಲ್ಲಿ ತೀರಿಕೊಳ್ಳಲಿಲ್ಲ, ಒಳಗೆ ಧ್ಯಾನದಲ್ಲಿ ಕೂತಿದ್ದಾರೆ ಎಂಬುದು ಇಲ್ಲಿನ ನಂಬಿಕೆ. ಹಾಗಾಗಿ ದಿನವೂ ಬೆಳಗ್ಗೆ ಆರಕ್ಕೂ ಹತ್ತೂವರೆಗೂ ಅವರಿಗೆ ಊಟ ಹೋಗುತ್ತದೆ. ಪೆಟ್ಟಿಗೆಯನ್ನು ರುಚಿ ನೋಡುವ ಜಿಜೊ ಎಂಬ ಸಣ್ಣ ಗುಡಿಯ ಮುಂದೆ ಇಳಿಸಿ, ಮತ್ತೆ ಎತ್ತಿಕೊಂಡು ಸೇತುವೆ ದಾಟಿದರು. ಸೇತುವೆಯಾಚೆ ಟೋಪಿ ತೆಗೆಯಬೇಕು, ಚಿತ್ರ ತೆಗೆಯುವಂತಿಲ್ಲ. ನಾವೂ ಹಿಂದೆಯೇ ಹೋಗಿ, ಸಾವಿರಾರು ಲಾಂದ್ರಗಳ ಮಂಟಪದ ಹಿಂಬದಿಯಲ್ಲಿ ಕೈಮುಗಿದು ಬಂದೆವು.

ವಾಪಸು ಬರುವಾಗ ಕುದೊಯಾಮಾದಲ್ಲಿ ಇಳಿದೆವು. ಬೆಟ್ಟದ ಬುಡದ ಊರು ಅದು. ಅಲ್ಲಿನ ಜಿಸೊನ್-ಇನ್ ಮಂದಿರ ಕೂಕೈ ತಾಯಿಗೆ ಸಂಬಂಧಿಸಿದ್ದು. ಮಗನನ್ನು ನೋಡಲು ಬಂದ ತಾಯಿ ಹೆಂಗಸಾದ್ದರಿಂದ ಬೆಟ್ಟ ಏರುವಂತಿರಲಿಲ್ಲ, ಇಲ್ಲೇ ಉಳಿದಳು. ಮಗನೇ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ ಇಳಿದು ತಿಂಗಳಿಗೆ ಒಂಬತ್ತು ಸಲ ಬಂದು ನೋಡಿಹೋಗುತ್ತಿದ್ದರು ಎಂದು ಐತಿಹ್ಯ. ಆ ದಾರಿಯ ಉದ್ದಕ್ಕೂ ಇಲ್ಲಿಂದ ಮಹಾಗೋಪುರದವರೆಗೆ 180 ಕಲ್ಲುಕಂಬಗಳಿವೆ. ಇಂದು ಹೆಂಗಸರು ಸುಖಪ್ರಸವಕ್ಕೆ, ಎದೆಹಾಲಿಗೆ, ಸ್ತನದ ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು, ಬಟ್ಟೆಯಿಂದ ಮಾಡಿದ ಸ್ತನಗಳನ್ನು ಅಂಟಿಸಿದ ಹಲಗೆಗಳನ್ನು ಇಲ್ಲಿ ಕಟ್ಟುತ್ತಾರೆ.

ಅಮ್ಮ ಮಂದಿರದ ಮೆಟ್ಟಿಲ ಮೇಲೆ ಕೂತು ನನ್ನ ಮೊಬೈಲು ಕೇಳಿ ಪಡೆದು ತಮ್ಮನಿಗೆ ಫೋನ್ ಹಚ್ಚಿದಳು. ಗೋಮಾ-ದೋಫು ಹೇಗಿತ್ತು, ಅಜ್ಜಿ ಬೆನ್ನುಜ್ಜಿದ್ದು, ಹೋಮ, ಎಲ್ಲ ಆಯಿತು. “ಇಲ್ಲಿನ ಸ್ವಾಮಿಗಳು ತಿಂಗಳಿಗೆ ಒಂಬತ್ತು ಸಲ ಅಮ್ಮನನ್ನು ನೋಡಲು ನಡೆದು ಬರುತ್ತಿದ್ದರಂತೆ ಕಣೋ. ನೀನು ಊರಿಗೆ ಬಂದು ಎರಡು ವರ್ಷವಾಯಿತು” ಎಂದಳು. ಅವನು ಏಪ್ರಿಲ್ ಕೊನೆಯ ರಜಾವಾರಕ್ಕೆ ಬರುತ್ತೇನೆ, ಸಂಜೆಯೇ ಟಿಕೆಟ್ ನೋಡುತ್ತೇನೆ ಎಂದ. ಅಷ್ಟರಲ್ಲಿ ರೈಲಿನ ಹೊತ್ತಾಗಿತ್ತು. ನಾವು ನಿಲ್ದಾಣದ ಕಡೆ ಹೊರಟೆವು.